ಮುಂದಿನ ಸ್ಪ್ಯಾನಿಷ್ ಪುಸ್ತಕ ಯಾವುದು? ಓದುಕೂಟದವರು ಅಳೆದು ಆರಿಸುವ ಬಗೆ

ಎಂಟು–ಹತ್ತು ಮಂದಿ ಸೇರಿ ಸ್ಪ್ಯಾನಿಷ್ ಓದಲು ಹೊರಟರೆ ಮೊದಲ ಪುಸ್ತಕ ಹುಮ್ಮಸ್ಸಿನಲ್ಲೇ ಮುಗಿದುಹೋಗುತ್ತದೆ. ತೊಂದರೆ ಶುರುವಾಗುವುದು ಎರಡನೆಯದಕ್ಕೆ. ಯಾರೋ ಒಂದು ದೊಡ್ಡ ಹೆಸರು ಹೇಳುತ್ತಾರೆ, ಉಳಿದವರು ಸಂಕೋಚಕ್ಕೆ ಹೂಂಗುಟ್ಟುತ್ತಾರೆ, ಮುಂದಿನ ತಿಂಗಳು ನಾಲ್ಕೇ ಜನ ಬರುತ್ತಾರೆ, ಅವರಲ್ಲೂ ಇಬ್ಬರು ನಲವತ್ತನೆಯ ಪುಟದಲ್ಲಿ ನಿಂತಿರುತ್ತಾರೆ. ಪುಸ್ತಕ ಕೆಟ್ಟದ್ದಾಗಿರಲಿಲ್ಲ; ಈ ಬಳಗಕ್ಕೆ, ಈ ತಿಂಗಳಿಗೆ ಅದು ಹೊಂದಲಿಲ್ಲ. ಹೊಂದುತ್ತದೋ ಇಲ್ಲವೋ ಎಂಬುದನ್ನು ದುಡ್ಡು ಕೊಡುವ ಮೊದಲೇ ಅಳೆದು ನೋಡಲು ಬರುತ್ತದೆ. ಅದಕ್ಕೆ ಬೇಕಾದದ್ದು ಒಂದು ಗಡಿಯಾರ, ಒಂದು ಪೆನ್ಸಿಲ್, ಮೂರು ಮಾದರಿ ಪುಟ.

ಮೊದಲು ಬಳಗದ ವೇಗ

ಯುರೋಪಿನ ಭಾಷಾ ಮಟ್ಟಗಳು ಆರಂಭದ ಎ1, ಎ2ರಿಂದ ನಡುವಿನ ಬಿ1, ಬಿ2 ದಾಟಿ ಪರಿಣತರ ಸಿ1, ಸಿ2ವರೆಗೆ ಆರು. ಓದುಕೂಟದಲ್ಲಿ ಎಲ್ಲರೂ ಒಂದೇ ಮಟ್ಟದವರಾಗಿರುವುದು ಅಪರೂಪ. ಕಾಲೇಜಿನಲ್ಲಿ ಎರಡು ಸೆಮಿಸ್ಟರ್ ಐಚ್ಛಿಕ ಭಾಷೆಯಾಗಿ ಓದಿದವರ ಪಕ್ಕದಲ್ಲೇ ಸ್ಪೇನಿನಲ್ಲಿ ಕೆಲಸ ಮಾಡಿ ಬಂದವರು ಕುಳಿತಿರುತ್ತಾರೆ. ದೆಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಯ ಬಿ1 ಪ್ರಮಾಣಪತ್ರ ಇದ್ದವರೂ ಕಾದಂಬರಿಯ ಮುಂದೆ ತಿಣುಕಬಹುದು. ಪರೀಕ್ಷೆಯಲ್ಲಿ ಬರುವುದು ಚಿಕ್ಕ ಚಿಕ್ಕ ಪಠ್ಯ. ಕಾದಂಬರಿ ನೂರು ಪುಟ ಒಂದೇ ದನಿಯಲ್ಲಿ ಹಿಡಿದಿಟ್ಟುಕೊಳ್ಳಬೇಕಾದದ್ದು. ಆದ್ದರಿಂದ ‘ನೀವು ಯಾವ ಲೆವೆಲ್?’ ಎಂದು ಕೇಳುವುದನ್ನು ಬಿಟ್ಟು ವೇಗವನ್ನೇ ಅಳೆಯಿರಿ.

ಸಭೆಯ ಕೊನೆಯಲ್ಲಿ ಹತ್ತು ನಿಮಿಷ ಸಾಕು. ಎಲ್ಲರಿಗೂ ಒಂದೇ ಪಠ್ಯದ ಎಂಟು ಪುಟ ಕೊಡಿ, ನಿಘಂಟು ಮುಟ್ಟಬೇಡಿ ಎನ್ನಿ, ಹತ್ತು ನಿಮಿಷ ಮುಗಿದಾಗ ನಿಂತ ಸಾಲಿಗೆ ಗೆರೆ ಹಾಕಿಸಿ. ಓದಿದ ಪದಗಳನ್ನು ಎಣಿಸಿ ಹತ್ತರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಪದ ಎಂದು ಸಿಗುತ್ತದೆ. ಆಮೇಲೆ ಒಂದೆರಡು ಸಾಲಿನಲ್ಲಿ ಕಥೆ ಹೇಳಿಸಿ. ಹೇಳಲಾಗದಿದ್ದರೆ ಅವರು ಕಣ್ಣು ಹಾಯಿಸಿದ್ದು ಅಷ್ಟೆ, ಆ ಲೆಕ್ಕ ಹಿಡಿಯಬೇಡಿ. ಈ ಅಂಕಿಗಳನ್ನು ಬಳಗದ ಮುಂದೆ ಓದಿ ಹೇಳುವುದೂ ಬೇಡ. ನಿಧಾನವಾಗಿ ಓದುವವರಿಗೆ ಅಲ್ಲೇ ಮುಖ ಸಪ್ಪಗಾದರೆ ಮುಂದಿನ ತಿಂಗಳು ಅವರು ಬರುವುದಿಲ್ಲ. ಒಬ್ಬರು ಬರೆದಿಟ್ಟುಕೊಂಡರೆ ಆಯಿತು.

ಇಲ್ಲಿ ಸರಾಸರಿ ತೆಗೆಯುವುದು ದೊಡ್ಡ ತಪ್ಪು. ನಿಮಿಷಕ್ಕೆ 200 ಪದ ಓದುವ ಒಬ್ಬರು ಇದ್ದರೆ ಇಡೀ ಬಳಗ ಚುರುಕಾಗಿರುವಂತೆ ಕಾಣುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಎಲ್ಲರಿಗಿಂತ ನಿಧಾನದವರ ವೇಗ. ಅದು ನಿಮಿಷಕ್ಕೆ 60 ಪದ ಎಂದಿಟ್ಟುಕೊಳ್ಳಿ. ಪುಟಕ್ಕೆ 30 ಸಾಲು, ಸಾಲಿಗೆ 9 ಪದ ಇರುವ 96 ಪುಟದ ಪುಸ್ತಕದಲ್ಲಿ ಸುಮಾರು 26,000 ಪದ. ಅರವತ್ತರಿಂದ ಭಾಗಿಸಿದರೆ 433 ನಿಮಿಷ, ಅಂದರೆ ಏಳು ಗಂಟೆಗೆ ಸ್ವಲ್ಪ ಹೆಚ್ಚು. ನಾಲ್ಕು ವಾರಕ್ಕೆ ಹಂಚಿದರೆ ದಿನಕ್ಕೆ ಹದಿನೈದು–ಹದಿನಾರು ನಿಮಿಷ. ಕೆಲಸಕ್ಕೆ ಹೋಗುವವರಿಗೂ ಇದು ನಿಭಾಯಿಸುವಂಥದ್ದು. ಅದೇ ಅಚ್ಚಿನ 300 ಪುಟದ ಕಾದಂಬರಿಗೆ 81,000 ಪದ. ದಿನಕ್ಕೆ 48 ನಿಮಿಷ ಬೇಕು, ಅದೂ ಒಂದು ದಿನವೂ ತಪ್ಪದೆ. ಮೊದಲ ವಾರ ಓದಿಯಾರು, ಎರಡನೆಯ ವಾರ ಮನೆಯಲ್ಲೊಂದು ಮದುವೆ ಬಂದರೆ ಮುಗಿಯಿತು. ನಿಘಂಟು ನೋಡುವ ಸಮಯ ಈ ಲೆಕ್ಕದಲ್ಲಿ ಸೇರಿಲ್ಲ ಎಂಬುದೂ ನೆನಪಿರಲಿ. ಅದಕ್ಕೆ ಮೂರನೆಯ ಒಂದರಷ್ಟು ಹೆಚ್ಚು ಸೇರಿಸಿಕೊಳ್ಳಿ.

ಹೀಗಾಗಿ ಬಿ1 ಸುತ್ತಮುತ್ತಲಿನ ಬಳಗಕ್ಕೆ ತಿಂಗಳಿಗೆ 100–130 ಪುಟ ಎಂಬುದು ಹಿಡಿದಿಡಬೇಕಾದ ಮಿತಿ. ಅದಕ್ಕಿಂತ ದೊಡ್ಡದು ಬೇಕೇಬೇಕು ಅನ್ನಿಸಿದರೆ ಎರಡು ತಿಂಗಳಿಗೆ ಹಂಚಿ, ಮಧ್ಯದಲ್ಲಿ ನಿಲ್ಲಲು ಸರಿಯಾದ ಅಧ್ಯಾಯ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಇನ್ನೂರು ಪದದ ಪರೀಕ್ಷೆ

ಎಷ್ಟು ಪದ ಗೊತ್ತಿದ್ದರೆ ನಿಘಂಟಿಲ್ಲದೆ ಓದಬಹುದು ಎಂಬ ಬಗ್ಗೆ ಭಾಷಾ ಕಲಿಕೆಯ ಸಂಶೋಧಕರು ಸಾಕಷ್ಟು ಕೆಲಸ ಮಾಡಿದ್ದಾರೆ. ಅವರು ಸಾಮಾನ್ಯವಾಗಿ ಹೇಳುವ ಅಂಕಿ ಎರಡು: ಪಠ್ಯದ ಶೇ. 98ರಷ್ಟು ಪದ ಗೊತ್ತಿದ್ದರೆ ಓದು ಸರಾಗ, ಶೇ. 95ಕ್ಕೆ ಇಳಿದರೆ ಸಹಾಯ ಇದ್ದಾಗ ಮಾತ್ರ ಸಾಗುತ್ತದೆ. ಕೇಳಲು ಎರಡೂ ಹತ್ತಿರ. ಪುಟದ ಮೇಲೆ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಇನ್ನೂರು ಪದದಲ್ಲಿ ಗೊತ್ತಿಲ್ಲದ್ದು ನಾಲ್ಕಿದ್ದರೆ ಶೇ. 98, ಹತ್ತಿದ್ದರೆ ಶೇ. 95. ಹತ್ತು ಅಪರಿಚಿತ ಪದ ಅಂದರೆ ಹೆಚ್ಚುಕಡಿಮೆ ಎರಡು ಸಾಲಿಗೊಮ್ಮೆ ಎಡವುವುದು.

ಮಾಡುವ ಕ್ರಮ ಹೀಗೆ. ಪುಸ್ತಕದ ಮೂರು ಕಡೆಯಿಂದ ಇನ್ನೂರು ಇನ್ನೂರು ಪದ ತೆಗೆಯಿರಿ: ಹತ್ತನೆಯ ಪುಟದ ಸುಮಾರಿಗೆ ಒಂದು, ನಡುವಿನಿಂದ ಒಂದು, ಮುಕ್ಕಾಲು ಭಾಗ ಕಳೆದ ಮೇಲೆ ಒಂದು. ಮೊದಲ ಪುಟವನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ. ಎಷ್ಟೋ ಲೇಖಕರು ಮೊದಲ ಪುಟವನ್ನು ಊರಿನ ವರ್ಣನೆಯಿಂದ ತುಂಬುತ್ತಾರೆ, ಗಿಡಮರ, ಮನೆಯ ಭಾಗ, ಬಟ್ಟೆಯ ಹೆಸರುಗಳೆಲ್ಲ ಅಲ್ಲೇ ಸುರಿಯುತ್ತವೆ. ಹತ್ತನೆಯ ಪುಟಕ್ಕೆ ಮಾತುಕತೆ ಶುರುವಾಗಿ ಸಲೀಸಾಗುತ್ತದೆ. ಉಲ್ಟಾ ಕೂಡ ಆಗುವುದುಂಟು. ಈ ಮೂರು ತುಂಡನ್ನು ಬಳಗದ ಮಧ್ಯಮ ಮಟ್ಟದ ಇಬ್ಬರಿಗೆ ಕೊಟ್ಟು ಗೊತ್ತಿಲ್ಲದ ಪದಗಳಿಗೆ ಅಡಿಗೆರೆ ಹಾಕಿಸಿ. ತುಂಡಿಗೆ ನಾಲ್ಕರಿಂದ ಎಂಟು ಗೆರೆ ಬಿದ್ದರೆ ಒಳ್ಳೆಯ ಆಯ್ಕೆ, ಕಲಿಯಲಿಕ್ಕೂ ಏನಾದರೂ ಇರುತ್ತದೆ. ಹನ್ನೆರಡು ದಾಟಿದರೆ ಬಿಡಿ. ಒಂದೂ ಗೆರೆ ಇಲ್ಲದಿದ್ದರೆ ಒಂದು ಮೆಟ್ಟಿಲು ಮೇಲಿನದ್ದನ್ನು ಹುಡುಕಿ.

ಗೆರೆ ಹಾಕುವವರು ಮೋಸಹೋಗುವ ಒಂದು ಜಾಗ ಇದೆ: ಇಂಗ್ಲಿಷಿನಂತೆ ಕಾಣುವ ಪದಗಳು. ‘ಎಂಬಾರಾಸಾದಾ’ ಅಂದರೆ ಮುಜುಗರಪಟ್ಟವಳಲ್ಲ, ಬಸುರಿ. ‘ಕೊನ್ಸ್ತಿಪಾದೊ’ ಅಂದರೆ ನೆಗಡಿಯಾದವನು, ‘ಕಾರ್ಪೆತಾ’ ಅಂದರೆ ಕಡತ, ‘ಎಕ್ಸಿತೊ’ ಅಂದರೆ ಯಶಸ್ಸು. ಗೊತ್ತಿದೆ ಎಂದುಕೊಂಡು ದಾಟಿದ ಪದ ಗೊತ್ತಿಲ್ಲದ ಪದಕ್ಕಿಂತ ಹೆಚ್ಚು ಹಾದಿ ತಪ್ಪಿಸುತ್ತದೆ. ಹಾಗಾಗಿ ಗೆರೆ ಹಾಕಿದವರಿಂದ ಗೆರೆ ಹಾಕದ ಐದು ಪದಗಳ ಅರ್ಥವನ್ನೂ ಕೇಳಿ.

ನಮ್ಮ ಕರಾವಳಿಯ ಕ್ಯಾಥೋಲಿಕರ ಕೊಂಕಣಿಯಲ್ಲಿ ಪೋರ್ಚುಗೀಸಿನಿಂದ ಬಂದ ಪದಗಳಿವೆ. ಆ ಮನೆಮಾತಿನವರಿಗೆ ಇದೊಂದು ಸಣ್ಣ ಲಾಭ. ಇಗರ್ಜ್ (ಚರ್ಚು) ಗೊತ್ತಿದ್ದವರಿಗೆ ‘ಇಗ್ಲೆಸಿಯಾ’, ಫೆಸ್ತ್ (ಹಬ್ಬ) ಗೊತ್ತಿದ್ದವರಿಗೆ ‘ಫಿಯೆಸ್ತಾ’, ಚಾವಿ (ಬೀಗದ ಕೈ) ಗೊತ್ತಿದ್ದವರಿಗೆ ‘ಯಾವೆ’ ಬೇಗ ಹತ್ತುತ್ತದೆ. ಬಟಾಟೆ ತಿನ್ನುವ ಎಲ್ಲರಿಗೂ ಸ್ಪೇನಿನ ‘ಪತಾತಾ’ ಸಲೀಸು, ಲ್ಯಾಟಿನ್ ಅಮೆರಿಕಕ್ಕೆ ಹೋದರೆ ಅದೇ ‘ಪಾಪಾ’. ಆದರೆ ಕಿಟಕಿಗೆ ಕೊಂಕಣಿಯ ಜನೆಲ್ ನೆರವಿಗೆ ಬಾರದು, ಸ್ಪ್ಯಾನಿಷಿನಲ್ಲಿ ಅದು ‘ಬೆಂತಾನಾ’.

ತೆಳ್ಳಗಿನ ಪುಸ್ತಕದ ಮೋಸ

ಪುಟ ಕಡಿಮೆ ಇದ್ದರೆ ಸುಲಭ ಎಂಬ ನಂಬಿಕೆಯಿಂದ ಹಾಳಾದ ತಿಂಗಳುಗಳು ಬಹಳ. ಹ್ವಾನ್ ರುಲ್ಫೊ ಬರೆದ ‘ಪೆದ್ರೊ ಪಾರಮೊ’ (1955) ನೂರು ಚಿಲ್ಲರೆ ಪುಟದ್ದು. ವಾಕ್ಯಗಳೂ ಚಿಕ್ಕವು, ಹಳ್ಳಿಯ ಮಾತು. ಆದರೆ ಕಥೆ ತುಂಡು ತುಂಡಾಗಿ ಬರುತ್ತದೆ, ಅಧ್ಯಾಯಕ್ಕೆ ಸಂಖ್ಯೆಯಿಲ್ಲ, ಮಾತಾಡುತ್ತಿರುವವರು ಬದುಕಿದ್ದಾರೋ ಸತ್ತಿದ್ದಾರೋ ಎಂಬುದೇ ಬೇಗ ತಿಳಿಯುವುದಿಲ್ಲ. ಸ್ಪ್ಯಾನಿಷ್ ಸರಿಯಾಗಿ ಅರ್ಥವಾಗಿಯೂ ‘ನನಗೇ ಭಾಷೆ ಬರುವುದಿಲ್ಲವೇನೋ’ ಎಂದು ಓದುಗರು ಅಳುಕುತ್ತಾರೆ. ಈ ಪುಸ್ತಕವನ್ನು ಬಿಡಲೇಬಾರದು, ಆದರೆ ಐದಾರು ಪುಸ್ತಕ ಓದಿದ ಮೇಲೆ, ಎರಡು ಸಭೆ ಮೀಸಲಿಟ್ಟು ಓದಿ.

‘ಪ್ಲಾತೆರೊ ಇ ಯೊ’ದು ಇನ್ನೊಂದು ಬಗೆ. ಕತ್ತೆಯ ಕಥೆ, ಒಂದೊಂದು ಅಧ್ಯಾಯವೂ ಒಂದೆರಡು ಪುಟ, ಶಾಲೆಯಲ್ಲಿ ಓದಿಸುತ್ತಾರೆ ಎಂದು ಕೇಳಿ ಎ2ನವರೂ ಕೈಹಾಕುತ್ತಾರೆ. ಹ್ವಾನ್ ರಮೋನ್ ಹಿಮೆನೆಸ್ ಬರೆದ ಈ ಗದ್ಯಕಾವ್ಯದ ಚಿಕ್ಕ ಆವೃತ್ತಿ 1914ರಲ್ಲಿ, 138 ಅಧ್ಯಾಯಗಳ ಪೂರ್ಣ ಆವೃತ್ತಿ 1917ರಲ್ಲಿ ಬಂತು. ದಕ್ಷಿಣ ಸ್ಪೇನಿನ ಆಂಡಲೂಸಿಯಾದ ಹೂವು, ಹಕ್ಕಿ, ಬೆಳಕಿನ ಬಣ್ಣಗಳಿಗೆ ಅದರಲ್ಲಿ ಇರುವಷ್ಟು ಪದ ದಿನಬಳಕೆಯ ಭಾಷೆಯಲ್ಲಿಲ್ಲ. ಇನ್ನೂರು ಪದದ ಪರೀಕ್ಷೆ ಇಟ್ಟರೆ ಇದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಇಡೀ ಪುಸ್ತಕ ಬೇಡ; ಪ್ರತಿ ಸಭೆಯ ಆರಂಭಕ್ಕೆ ಒಂದು ಅಧ್ಯಾಯ ಗಟ್ಟಿಯಾಗಿ ಓದಲು ಇದರಷ್ಟು ಚಂದದ್ದು ಸಿಗುವುದು ಕಷ್ಟ.

ಮೂರನೆಯ ಮೋಸ ಅನುವಾದದ್ದು. ಸ್ಪ್ಯಾನಿಷ್ ಪುಸ್ತಕಗಳ ಪಟ್ಟಿಯಲ್ಲಿ ಪಾವ್ಲೊ ಕೊಯೆಲ್ಯೊ ಹೆಸರು ಬಂದರೆ, ಅವರು ಬ್ರೆಜಿಲಿನವರು, ಬರೆದದ್ದು ಪೋರ್ಚುಗೀಸಿನಲ್ಲಿ ಎಂಬುದು ಬಳಗಕ್ಕೆ ತಿಳಿದಿರಲಿ. ಅನುವಾದ ಓದಬಾರದು ಎಂದಿಲ್ಲ. ಮೊದಲೇ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಓದಿದ ಕಥೆಯಾದರೆ ಹೊಸಬರಿಗೆ ಒಳ್ಳೆಯ ಊರುಗೋಲು. ಆದರೆ ಸ್ಪ್ಯಾನಿಷ್ ಮಾತಾಡುವ ನಾಡೊಂದನ್ನು ತಿಳಿಯಬೇಕೆಂದು ಸೇರಿದವರಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೇಡ.

ಯಾವ ಊರಿನ ಸ್ಪ್ಯಾನಿಷ್?

ಮಂಗಳೂರಿನ ‘ಎಂತ ಮಾರಾಯ್ರೆ’, ಕುಂದಾಪುರದ ‘ಹ್ವಾಯ್’, ಧಾರವಾಡದ ‘ಏನ್ರೀ’ ಎಲ್ಲವೂ ಕನ್ನಡವೇ ಆದರೂ ಹೊರಗಿನಿಂದ ಕಲಿತವರಿಗೆ ಒಂದೊಂದೂ ಹೊಸ ಭಾಷೆ ಅನ್ನಿಸುತ್ತದಲ್ಲ, ಸ್ಪ್ಯಾನಿಷಿನ ಕಥೆಯೂ ಅದೇ. ಬಳಗದವರು ಹೆಚ್ಚಾಗಿ ಕಲಿತಿರುವುದು ಯಾವ ನಾಡಿನ ಪಠ್ಯಪುಸ್ತಕದಿಂದ ಎಂದು ಕೇಳಿ. ಸ್ಪೇನಿನ ಪುಸ್ತಕದಿಂದ ಕಲಿತವರಿಗೆ ‘ಬೊಸೊತ್ರೊಸ್’ (ನೀವೆಲ್ಲ) ರೂಪಗಳು ಗೊತ್ತಿರುತ್ತವೆ. ಮೆಕ್ಸಿಕೊದ್ದರಿಂದ ಕಲಿತವರಿಗೆ ಅವು ಕಣ್ಣಿಗೆ ಬಿದ್ದಿರುವುದೇ ಇಲ್ಲ. ಅರ್ಜೆಂಟೀನಾ, ಉರುಗ್ವೆಯ ಕಥೆಗಳಲ್ಲಿ ‘ತೂ ತಿಯೆನೆಸ್’ (ನಿನ್ನ ಬಳಿ ಇದೆ) ಇರಬೇಕಾದಲ್ಲಿ ‘ಬೋಸ್ ತೆನೇಸ್’, ‘ಎರೆಸ್’ (ನೀನು ಇದ್ದೀಯ) ಇರಬೇಕಾದಲ್ಲಿ ‘ಸೊಸ್’ ಬರುತ್ತದೆ. ಇದನ್ನು ತಪ್ಪಚ್ಚು ಎಂದುಕೊಂಡವರೂ ಇದ್ದಾರೆ. ಹತ್ತು ನಿಮಿಷ ಹೇಳಿಕೊಟ್ಟರೆ ಮುಗಿಯುವ ವಿಷಯ ಇದು, ಹೇಳದಿದ್ದರೆ ಇಡೀ ಪುಸ್ತಕಕ್ಕೆ ಕಾಡುತ್ತದೆ.

ವಸ್ತುಗಳ ಹೆಸರು ಇನ್ನೂ ಜಟಿಲ. ಬಸ್ಸಿಗೆ ಮೆಕ್ಸಿಕೊದಲ್ಲಿ ‘ಕಾಮಿಯೋನ್’, ಅರ್ಜೆಂಟೀನಾದಲ್ಲಿ ‘ಕೊಲೆಕ್ತಿವೊ’, ಕ್ಯೂಬಾದಲ್ಲಿ ‘ಗ್ವಾಗ್ವಾ’. ಚಿಲಿಗೆ ಹೋದರೆ ಅದೇ ‘ಗ್ವಾಗ್ವಾ’ ಎಂದರೆ ಎಳೆಮಗು. ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಉಚಿತ. ಲ್ಯಾಟಿನ್ ಅಮೆರಿಕದ ಪದಗಳಿಗೆ ಭಾಷಾ ಅಕಾಡೆಮಿಗಳ ಒಕ್ಕೂಟ ಹೊರತಂದ ‘ದಿಕ್ಸಿಯೊನಾರಿಯೊ ದೆ ಆಮೆರಿಕಾನಿಸ್ಮೊಸ್’ ಕೂಡ ಉಚಿತವಾಗಿಯೇ ಸಿಗುತ್ತದೆ. ಎರಡನ್ನೂ ಎಲ್ಲರ ಮೊಬೈಲಿನಲ್ಲಿ ತೆರೆದು ತೋರಿಸಿ.

ಸತತ ಎರಡು ಪುಸ್ತಕ ಒಂದೇ ನಾಡಿನದ್ದಾದರೆ ಒಳ್ಳೆಯದು. ಮೊದಲನೆಯದರಲ್ಲಿ ಕಷ್ಟಪಟ್ಟು ಕಲಿತ ಪದ ಎರಡನೆಯದರಲ್ಲಿ ಮತ್ತೆ ಎದುರಾಗುತ್ತದೆ, ಆಗ ಅದು ಉಳಿಯುತ್ತದೆ. ತಿಂಗಳಿಗೊಂದು ದೇಶ ಎಂಬ ಯೋಜನೆ ಕಾಗದದ ಮೇಲೆ ಚಂದ, ಕಲಿಕೆಗೆ ಅಷ್ಟು ಒಳ್ಳೆಯದಲ್ಲ.

ಪ್ರತಿ ಸಿಗುತ್ತದೆಯೇ?

ಸ್ಪ್ಯಾನಿಷ್ ಪುಸ್ತಕಗಳು ನಮ್ಮ ಊರಿನ ಅಂಗಡಿಯ ಕಪಾಟಿನಲ್ಲಿ ಇರುವುದು ಕಡಿಮೆ, ತರಿಸಬೇಕು. ಹೊರದೇಶದಿಂದ ಬರುವ ಪ್ರತಿಗೆ ಮೂರು–ನಾಲ್ಕು ವಾರ ಕೈಯಲ್ಲಿಟ್ಟುಕೊಳ್ಳಿ. ಆದ್ದರಿಂದ ಇವತ್ತಿನ ಸಭೆಯಲ್ಲಿ ಆರಿಸಬೇಕಾದದ್ದು ಮುಂದಿನ ತಿಂಗಳ ಪುಸ್ತಕವನ್ನಲ್ಲ, ಅದರ ಮುಂದಿನದ್ದನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಪಾರ್ಸೆಲ್ ತಡವಾಗುವುದೂ ಇದೆ, ಬಂದ ಪುಸ್ತಕಕ್ಕೆ ಬೂಸಲು ಹಿಡಿಯುವುದೂ ಇದೆ. ಕೈಬದಲಾಗುವ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೊಡಿ.

ಕಿಂಡಲ್ ಪ್ರತಿ ಬೇಗ ಸಿಗುತ್ತದೆ, ಪದದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ, ಕೊಳ್ಳುವ ಮೊದಲು ಮಾದರಿ ಭಾಗ ಪುಕ್ಕಟೆ. ಆದರೆ ಮಾದರಿಯಲ್ಲಿ ಇರುವುದು ಆರಂಭದ ಪುಟಗಳು ಮಾತ್ರ, ಮೂರು ಕಡೆಯ ಪರೀಕ್ಷೆಗೆ ಅದು ಸಾಲದು. ಕಾಗದದ ಪ್ರತಿ ಮತ್ತು ಕಿಂಡಲ್ ಬೆರೆತ ಬಳಗದಲ್ಲಿ ಪುಟಸಂಖ್ಯೆ ಹೇಳಿ ಪ್ರಯೋಜನವಿಲ್ಲ. ಅಧ್ಯಾಯದ ಸಂಖ್ಯೆ ಹೇಳಿ; ಸಂಖ್ಯೆ ಇಲ್ಲದ ಪುಸ್ತಕವಾದರೆ ನಿಲ್ಲಬೇಕಾದ ಜಾಗದ ಕೊನೆಯ ಆರು ಪದಗಳನ್ನು ಬರೆದು ಕಳಿಸಿ.

ಕೊಳ್ಳುವಾಗ ಮುಖಪುಟ ನೋಡಿದರೆ ಸಾಲದು. ‘ತೆಕ್ಸ್ತೊ ಇಂತೆಗ್ರೊ’ ಎಂದಿದ್ದರೆ ಪೂರ್ಣ ಪಠ್ಯ. ‘ಆದಾಪ್ತಾಸಿಯೋನ್’, ‘ಲೆಕ್ತೂರಾ ಗ್ರಾದ್ವಾದಾ’ ಎಂದಿದ್ದರೆ ಕಲಿಯುವವರಿಗಾಗಿ ಸರಳಗೊಳಿಸಿದ್ದು. ಎರಡೂ ಒಳ್ಳೆಯವೇ, ಆದರೆ ಅರ್ಧ ಜನರ ಕೈಯಲ್ಲಿ ಒಂದು, ಇನ್ನರ್ಧ ಜನರ ಕೈಯಲ್ಲಿ ಇನ್ನೊಂದು ಇದ್ದರೆ ಚರ್ಚೆ ಕೆಡುತ್ತದೆ. ಕಾತೆದ್ರಾ ಪ್ರಕಾಶನದ ‘ಲೆತ್ರಾಸ್ ಇಸ್ಪಾನಿಕಾಸ್’ ಮಾಲೆಯ ಆವೃತ್ತಿಗಳಲ್ಲಿ ಅಡಿಟಿಪ್ಪಣಿ ಬಹಳ ಉಪಯುಕ್ತ. ಮುಂದಿರುವ ಉದ್ದನೆಯ ಪ್ರಸ್ತಾವನೆಯನ್ನು ಮಾತ್ರ ಕೊನೆಗೆ ಓದಿ, ಅದು ಕಥೆಯನ್ನೆಲ್ಲ ಬಿಚ್ಚಿಡುತ್ತದೆ.

ಹಣ ಹಾಕಲಾಗದ ತಿಂಗಳಿಗೆ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳಿವೆ. ಭಾರತದಲ್ಲಿ ಲೇಖಕ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. 1936ರಲ್ಲಿ ಕೊಲೆಯಾದ ಫೆದೆರಿಕೊ ಗಾರ್ಸಿಯಾ ಲೋರ್ಕಾ, 1937ರಲ್ಲಿ ತೀರಿಕೊಂಡ ಒರಾಸಿಯೊ ಕಿರೋಗಾ, 1958ರಲ್ಲಿ ತೀರಿಕೊಂಡ ಹಿಮೆನೆಸ್ ಮೂವರ ಮೂಲ ಪಠ್ಯಗಳೂ ಇಲ್ಲಿ ಮುಕ್ತ. ಅಲಿಕಾಂತೆ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಶುರುವಾದ ಮಿಗೆಲ್ ದೆ ಸೆರ್ವಾಂತೆಸ್ ವರ್ಚುವಲ್ ಗ್ರಂಥಾಲಯ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಎರಡರಲ್ಲೂ ಹಳೆಯ ಸ್ಪ್ಯಾನಿಷ್ ಪುಸ್ತಕಗಳು ಹೇರಳ. ಜೆರಾಕ್ಸ್ ಮಾಡಿ ಹಂಚಬಹುದು. ಹೊಸ ಆವೃತ್ತಿಯ ಟಿಪ್ಪಣಿ, ಪ್ರಸ್ತಾವನೆಗೆ ಬೇರೆ ಹಕ್ಕು ಇರುತ್ತದೆ, ಅವುಗಳನ್ನು ಪ್ರತಿ ಮಾಡಬೇಡಿ. 1986ರಲ್ಲಿ ತೀರಿಕೊಂಡ ರುಲ್ಫೊ, 2014ರಲ್ಲಿ ತೀರಿಕೊಂಡ ಗಾರ್ಸಿಯಾ ಮಾರ್ಕೆಸ್ ಪುಸ್ತಕಗಳ ಪಿಡಿಎಫ್ ಯಾರಾದರೂ ಗುಂಪಿಗೆ ಹಾಕಿದರೆ ತೆಗೆಸಿ. ಕದ್ದ ಪಿಡಿಎಫ್‌ಗಳಲ್ಲಿ ಸ್ಕ್ಯಾನ್ ದೋಷದಿಂದ ಒತ್ತುಗುರುತು ಹಾರಿಹೋಗಿರುವುದೂ ಸಾಮಾನ್ಯ. ‘ಆಬ್ಲೊ’ (ಮಾತಾಡುತ್ತೇನೆ) ಮತ್ತು ‘ಆಬ್ಲೋ’ (ಮಾತಾಡಿದನು) ನಡುವಿನ ವ್ಯತ್ಯಾಸವೇ ಆ ಒತ್ತುಗುರುತಿನಲ್ಲಿದೆ, ಕಲಿಯುವವರಿಗೆ ಅದಿಲ್ಲದೆ ಆಗುವುದಿಲ್ಲ.

ನಿಧಾನದವರಿಗೆ ಧ್ವನಿಪುಸ್ತಕ ದೊಡ್ಡ ನೆರವು. ಓದುತ್ತ ಕೇಳಿದರೆ ವಾಕ್ಯ ಎಲ್ಲಿ ತುಂಡಾಗುತ್ತದೆ ಎಂದು ಕಿವಿಯೇ ಹೇಳುತ್ತದೆ. ಹಕ್ಕು ಮುಗಿದ ಕೆಲವು ಪುಸ್ತಕಗಳು ಲಿಬ್ರಿವಾಕ್ಸ್ ಜಾಲತಾಣದಲ್ಲಿ ಉಚಿತ.

ಪಂಚಾಂಗವನ್ನೂ ತೆರೆಯಿರಿ

ಒಳ್ಳೆಯ ಪುಸ್ತಕ ತಪ್ಪು ತಿಂಗಳಿಗೆ ಬಿದ್ದು ಹೋಗುವುದುಂಟು. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ಹಿಂದುಮುಂದಿನ ವಾರ ಯಾರೂ ಓದುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಮಂಗಳೂರು ದಸರಾ, ಪವಿತ್ರ ವಾರ, ರಂಜಾನ್, ಕಾಲೇಜು ಪರೀಕ್ಷೆ ಎಲ್ಲವನ್ನೂ ಗುರುತು ಹಾಕಿ, ಆ ತಿಂಗಳುಗಳಿಗೆ ಸಣ್ಣಕಥೆ ಅಥವಾ ನಾಟಕ ಇಟ್ಟುಕೊಳ್ಳಿ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆ ಹಿಡಿದ ಜೂನ್–ಜುಲೈ–ಆಗಸ್ಟ್ ನಮ್ಮಲ್ಲಿ ಓದಿಗೆ ಎಲ್ಲಕ್ಕಿಂತ ಒಳ್ಳೆಯ ಕಾಲ. ದೊಡ್ಡ ಪುಸ್ತಕವನ್ನು ಅಲ್ಲಿಗೆ ಇಡಿ. ಕರೆಂಟ್ ಹೋಗುವ ದಿನಗಳೂ ಅವೇ ಆದ್ದರಿಂದ ಆ ತಿಂಗಳುಗಳಿಗೆ ಕಾಗದದ ಪ್ರತಿ ವಾಸಿ.

ಮಾತಾಡಲು ಏನಾದರೂ ಇದೆಯೇ?

ಓದಲು ಸುಲಭವಾಗಿದ್ದೂ ಚರ್ಚೆಗೆ ಏನೂ ಸಿಗದ ಪುಸ್ತಕಗಳಿವೆ. ‘ಚೆನ್ನಾಗಿತ್ತು’, ‘ನನಗೂ ಇಷ್ಟವಾಯಿತು’ ಎಂದ ಮೇಲೆ ಎಲ್ಲರೂ ಕಾಫಿ ಲೋಟ ನೋಡುತ್ತ ಕೂರುತ್ತಾರೆ. ಬಿ1 ಮಟ್ಟದವರಿಗೆ ಸ್ಪ್ಯಾನಿಷಿನಲ್ಲಿ ಶೈಲಿಯ ಬಗ್ಗೆ ಮಾತಾಡುವುದು ಕಷ್ಟ. ‘ಅವನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ’ ಎಂದು ವಾದಿಸುವುದು ಸುಲಭ. ಆದ್ದರಿಂದ ನೋಡಬೇಕಾದದ್ದು, ಇಬ್ಬರು ಓದುಗರು ಎರಡು ಪಕ್ಷ ಹಿಡಿಯಬಹುದಾದ ತೀರ್ಮಾನ ಈ ಕಥೆಯಲ್ಲಿ ಇದೆಯೇ ಎಂಬುದನ್ನು.

ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಬರೆದ ‘ಎಲ್ ಕೊರೊನೆಲ್ ನೊ ತಿಯೆನೆ ಕಿಯೆನ್ ಲೆ ಎಸ್ಕ್ರಿವಾ’ (ಪುಸ್ತಕವಾಗಿ 1961) ಕರಾವಳಿಯ ಬಳಗಕ್ಕೆ ಹೇಳಿ ಮಾಡಿಸಿದಂತಿದೆ. ಮುದಿ ಕರ್ನಲ್ ಪ್ರತಿ ಶುಕ್ರವಾರ ಅಂಚೆ ತರುವ ದೋಣಿಗೆ ಕಾಯುತ್ತಾನೆ. ಪಿಂಚಣಿಯ ಪತ್ರ ಹದಿನೈದು ವರ್ಷದಿಂದ ಬಂದಿಲ್ಲ. ಮನೆಯಲ್ಲಿ ಉಬ್ಬಸದ ಹೆಂಡತಿ, ಡಬ್ಬಿಯ ತಳದಲ್ಲಿ ಕೆರೆದು ತೆಗೆದ ಕಾಫಿಪುಡಿ, ಬಿಡದ ಅಕ್ಟೋಬರ್ ಮಳೆ, ಮತ್ತು ತೀರಿಕೊಂಡ ಮಗ ಬಿಟ್ಟುಹೋದ ಒಂದು ಅಂಕದ ಕೋಳಿ. ಕೋಳಿ ಅಂಕ ನೋಡಿ ಬೆಳೆದ ತುಳುನಾಡಿನವರಿಗೆ ಊರವರೆಲ್ಲ ಆ ಕೋಳಿಯ ಮೇಲೆ ಯಾಕೆ ಆಸೆ ಇಟ್ಟಿದ್ದಾರೆಂದು ವಿವರಿಸಬೇಕಿಲ್ಲ. ಕೋಳಿ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬ ಒಂದೇ ಪ್ರಶ್ನೆಗೆ ಸಭೆ ಎರಡು ಭಾಗವಾಗುತ್ತದೆ. ‘ಯೊ ಬೆಂದೆರಿಯಾ ಎಲ್ ಗಾಯೊ’ (ನಾನಾದರೆ ಕೋಳಿ ಮಾರುತ್ತಿದ್ದೆ) ಎನ್ನುವ ರೂಪ ಯಾರೂ ಪಾಠ ಮಾಡದೆಯೇ ಎಲ್ಲರ ಬಾಯಿಗೆ ಬರುತ್ತದೆ. ಭಾಷೆ ತಿಳಿ, ವಾಕ್ಯ ಚಿಕ್ಕವು, ನೂರು ಪುಟದ ಆಸುಪಾಸು. ಬಿ1 ದಾಟಿದ ಬಳಗಕ್ಕೆ ಮೊದಲ ಪೂರ್ಣ ಕಾದಂಬರಿಯಾಗಿ ಇದನ್ನೇ ಇಡಿ.

ಕಿರೋಗಾ ಬರೆದ ‘ಕ್ವೆಂತೊಸ್ ದೆ ಲಾ ಸೆಲ್ವಾ’ (1918) ಎಂಟು ಕಾಡುಕಥೆಗಳದ್ದು. ಎ2 ಮುಗಿಸಿದವರಿಗೆ ಹೊಂದುತ್ತದೆ, ಒಂದು ಸಭೆಗೆ ಎರಡು ಕಥೆ ಸಾಕು. ಅದರಲ್ಲಿ ‘ತಿಗ್ರೆ’ ಎಂದರೆ ನಮ್ಮ ಹುಲಿಯಲ್ಲ, ದಕ್ಷಿಣ ಅಮೆರಿಕದ ಜಾಗ್ವಾರ್ ಎಂದು ಮೊದಲೇ ಹೇಳಿಬಿಡಿ. ಯಾಬೆಬಿರಿ ಹೊಳೆಯ ಕಥೆಯಲ್ಲಿ ಆ ‘ಹುಲಿ’ಗಳನ್ನು ತಡೆದು ನಿಲ್ಲಿಸುವವು ‘ರಾಯಾ’ಗಳು, ಅಂದರೆ ನಮ್ಮ ತೊರಕೆ ಮೀನಿನ ಬಳಗದವು. ಬಾಲದ ಮುಳ್ಳಿನ ವಿಷಯ ಮಲ್ಪೆ, ಬಂದರು ಕಡೆಯವರಿಗೆ ಹೇಳಿಕೊಡಬೇಕಾದ್ದಿಲ್ಲ.

ಲೋರ್ಕಾ ಬರೆದ ‘ಲಾ ಕಾಸಾ ದೆ ಬೆರ್ನಾರ್ದಾ ಆಲ್ಬಾ’ ಮೂರಂಕದ ನಾಟಕ. ಬರೆದದ್ದು 1936ರಲ್ಲಿ, ಮೊದಲು ರಂಗಕ್ಕೆ ಬಂದದ್ದು 1945ರಲ್ಲಿ, ಬ್ಯೂನಸ್ ಐರಿಸ್‌ನಲ್ಲಿ. ವೇದಿಕೆಗೆ ಬರುವವರೆಲ್ಲ ಹೆಂಗಸರು. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದರೆ ತಿಂಗಳಿಗೊಂದಂಕ ಹಾಯಾಗಿ ಆಗುತ್ತದೆ, ಮನೆಯಲ್ಲಿ ಓದಿ ಬಾರದವರೂ ಹಿಂದೆ ಬೀಳುವುದಿಲ್ಲ. ಹಬ್ಬದ ತಿಂಗಳಿಗೆ ಇಡಬಹುದಾದದ್ದು ಇದು.

ಸಮಾಂತಾ ಶ್ವೆಬ್ಲಿನ್ ಬರೆದ ‘ದಿಸ್ತಾನ್ಸಿಯಾ ದೆ ರೆಸ್ಕಾತೆ’ (2014) ಬಿ2 ಬಳಗಕ್ಕೆ. ಅರ್ಜೆಂಟೀನಾದ ಹೊಲಗಳ ನಡುವೆ ಕೃಷಿ ವಿಷ ಮಕ್ಕಳನ್ನು ಏನು ಮಾಡುತ್ತದೆ ಎಂಬುದು ಅದರ ತಳದ ವಸ್ತು. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲವನ್ನು ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಕಂಡ ಜಿಲ್ಲೆ ನಮ್ಮದು. ಈ ಪುಸ್ತಕ ಇಲ್ಲಿ ದೂರದ ಕಥೆಯಾಗಿ ಉಳಿಯುವುದಿಲ್ಲ. ಸಂತ್ರಸ್ತ ಕುಟುಂಬದವರು ಬಳಗದಲ್ಲಿ ಇದ್ದರೆ ಮೊದಲು ಅವರನ್ನೇ ಪ್ರತ್ಯೇಕವಾಗಿ ಕೇಳಿ. ಅಧ್ಯಾಯಗಳಿಲ್ಲ, ಇಡೀ ಪುಸ್ತಕ ಒಂದೇ ಸಂಭಾಷಣೆ, ದಾವಿದ್ ಎಂಬ ಹುಡುಗನ ಮಾತು ಓರೆ ಅಕ್ಷರದಲ್ಲಿರುತ್ತದೆ. ಎರಡು ತಿಂಗಳಿಗೆ ತುಂಡು ಮಾಡಿದರೆ ಬಿಗಿ ಹೋಗುತ್ತದೆ, ಒಂದೇ ತಿಂಗಳಲ್ಲಿ ಮುಗಿಸಿ.

ಸಾವು, ಆತ್ಮಹತ್ಯೆ, ಹಿಂಸೆ, ಲೈಂಗಿಕ ವಿಷಯ ಇರುವ ಪುಸ್ತಕವಾದರೆ ಪ್ರಸ್ತಾಪಿಸುವಾಗಲೇ ಒಂದು ಸಾಲಿನಲ್ಲಿ ಹೇಳುವುದು ಮರ್ಯಾದೆ. ಕಥೆಯ ಗುಟ್ಟು ಬಿಡದೆಯೂ ಹೇಳಬಹುದು.

ಮತ ಹಾಕುವ ಬಗೆ

ಪ್ರಸ್ತಾಪಗಳು ನಾಲ್ಕಕ್ಕಿಂತ ಹೆಚ್ಚು ಬೇಡ. ಪ್ರಸ್ತಾಪಿಸುವವರು ಕನಿಷ್ಠ ಮೂವತ್ತು ಪುಟ ಸ್ಪ್ಯಾನಿಷಿನಲ್ಲೇ ಓದಿರಬೇಕು, ಮಾದರಿ ತುಂಡು ತರಬೇಕು, ಪ್ರತಿ ಎಲ್ಲಿ ಎಷ್ಟಕ್ಕೆ ಸಿಗುತ್ತದೆಂದು ಹೇಳಬೇಕು. ಈ ಮೂರು ಶರತ್ತು ಇಟ್ಟರೆ, ಎಲ್ಲೋ ವಿಮರ್ಶೆ ಓದಿ ಎಸೆಯುವ ಹೆಸರುಗಳು ತಾವಾಗಿ ಉದುರುತ್ತವೆ.

ಒಬ್ಬರಿಗೆ ಒಂದೇ ಮತ ಎಂಬ ಪದ್ಧತಿ ಸಣ್ಣ ಬಳಗಕ್ಕೆ ಸರಿಹೋಗುವುದಿಲ್ಲ. ಒಂಬತ್ತು ಜನ, ನಾಲ್ಕು ಪುಸ್ತಕ. ಮತ 3, 2, 2, 2 ಎಂದು ಬಿದ್ದರೆ ಆರು ಜನಕ್ಕೆ ಬೇಡದ ಪುಸ್ತಕ ಗೆಲ್ಲುತ್ತದೆ, ಆ ಆರು ಜನ ಓದುವುದಿಲ್ಲ. ಅದರ ಬದಲು ‘ಇದು ಗೆದ್ದರೆ ನಾನು ಕೊನೆಯವರೆಗೆ ಓದುತ್ತೇನೆ’ ಅನ್ನಿಸಿದ ಎಲ್ಲದಕ್ಕೂ ಗುರುತು ಹಾಕಲಿ. ಹೆಚ್ಚು ಗುರುತು ಬಿದ್ದದ್ದು ಗೆದ್ದಿತು, ಎರಡನೆಯದು ಮೀಸಲು. ಸಮ ಬಂದರೆ ಪುಟ ಕಡಿಮೆ ಇರುವುದನ್ನು ತೆಗೆದುಕೊಳ್ಳಿ. ವಾಟ್ಸಾಪ್ ಪೋಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಆರಿಸಬಹುದು, ಆದರೆ ಯಾರು ಯಾವುದಕ್ಕೆ ಹಾಕಿದರೆಂದು ಎಲ್ಲರಿಗೂ ಕಾಣುತ್ತದೆ. ಮೇಷ್ಟ್ರು ಹಾಕಿದ್ದಕ್ಕೇ ಉಳಿದವರೂ ಹಾಕುತ್ತಾರೆ. ಚೀಟಿ ಬರೆಸುವುದೇ ಲೇಸು.

ಬಿಡುವ ನಿಯಮವನ್ನೂ ಅಂದೇ ಮಾಡಿಕೊಳ್ಳಿ. ಓದು ಶುರುವಾಗಿ ಹತ್ತು ದಿನಕ್ಕೆ ಎಲ್ಲರೂ ಎಲ್ಲಿದ್ದಾರೆಂದು ವಿಚಾರಿಸಿ. ಅರ್ಧಕ್ಕಿಂತ ಹೆಚ್ಚು ಜನ ಪುಸ್ತಕದ ಐದನೆಯ ಒಂದು ಭಾಗವನ್ನೂ ದಾಟಿರದಿದ್ದರೆ ಅದು ಸೋಮಾರಿತನವಲ್ಲ, ಆಯ್ಕೆ ತಪ್ಪಿದೆ. ಆಗ ಓದಿದ್ದಷ್ಟನ್ನೇ ಚರ್ಚೆಗಿಟ್ಟು, ಹಕ್ಕು ಮುಗಿದ ಒಂದು ಸಣ್ಣಕಥೆ ಜೊತೆಗೆ ಸೇರಿಸಿ ಸಭೆ ನಡೆಸಿ. ಸಭೆ ಮುಂದೂಡಬೇಡಿ, ಒಂದು ತಿಂಗಳು ತಪ್ಪಿದ ಬಳಗವನ್ನು ಮತ್ತೆ ಕೂಡಿಸುವುದು ಬಲು ಕಷ್ಟ.

ತೀರ್ಮಾನವಾದ ದಿನವೇ ಗುಂಪಿಗೆ ಒಂದು ಸಂದೇಶ ಹೋಗಬೇಕು. ಪುಸ್ತಕದ ಹೆಸರು ಒತ್ತುಗುರುತು ಸಮೇತ ಸ್ಪ್ಯಾನಿಷ್ ಲಿಪಿಯಲ್ಲಿ, ಲೇಖಕರು, ಪ್ರಕಾಶಕರು, ಐಎಸ್‌ಬಿಎನ್ ಸಂಖ್ಯೆ. ಪೂರ್ಣ ಪಠ್ಯವೋ ಸರಳಗೊಳಿಸಿದ್ದೋ. ಯಾವ ನಾಡಿನ ಸ್ಪ್ಯಾನಿಷ್. ಪ್ರತಿ ಎಲ್ಲಿ, ಎಷ್ಟಕ್ಕೆ, ಯಾವ ದಿನದೊಳಗೆ ತರಿಸಬೇಕು. ವಾರವಾರಕ್ಕೆ ಎಲ್ಲಿಯವರೆಗೆ ಓದು. ಮೊದಲ ಇಪ್ಪತ್ತು ಪುಟಕ್ಕೆ ಬೇಕಾದ ಹದಿನೈದು ಪದಗಳ ಅರ್ಥ. ಚರ್ಚೆಗೆ ಎರಡೇ ಎರಡು ಪ್ರಶ್ನೆ. ಸಭೆಯ ದಿನ, ಹೊತ್ತು, ಜಾಗ. ಮೀಸಲು ಪುಸ್ತಕದ ಹೆಸರು. ಹದಿನೈದು ಪದ ಆರಿಸುವಾಗ ಒಂದೇ ಸಲ ಬಂದು ಹೋಗುವ ಹೂವಿನ ಹೆಸರು ಬಿಟ್ಟು, ಪುಸ್ತಕದುದ್ದಕ್ಕೂ ಮತ್ತೆ ಮತ್ತೆ ಬರುವ ಪದಗಳನ್ನೇ ಹಿಡಿಯಿರಿ. ಕರ್ನಲ್‌ನ ಕಥೆಗಾದರೆ ಕೋಳಿ, ಅಂಕ, ಪಿಂಚಣಿ, ಅಂಚೆದೋಣಿ, ಉಬ್ಬಸ, ಸಾಲ, ಕೊಡೆ.